ಗೋಡೆ ಕೊಯ್ದ ವರ್ಷ

ಚಂಡಮಾರುತ ಬರುವ ಮೊದಲು ಏನು ಮಾಡಬೇಕು ಅಂತ ಎಲ್ಲರೂ ಹೇಳುತ್ತಾರೆ. ನೀರು ತುಂಬಿಸಿಡಿ, ಟಾರ್ಚ್ ಇಟ್ಟುಕೊಳ್ಳಿ, ಪಾಸ್‌ಪೋರ್ಟ್ ಕೈಗೆ ಸಿಗುವ ಹಾಗಿರಲಿ. ಅದು ಹೋದ ಮೇಲೆ ಏನು ಮಾಡಬೇಕು ಅಂತ ಹೇಳುವವರು ಕಮ್ಮಿ. 2017ರ ಹಾರ್ವಿ ಚಂಡಮಾರುತದಲ್ಲಿ ಅಮೆರಿಕದ ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿದ್ದ ನಮ್ಮ ಮನೆಗೆ ನೀರು ನುಗ್ಗಿತು. ಮನೆಯೊಳಗೆ ನೀರು ನಿಂತದ್ದು ಹೆಚ್ಚೂಕಮ್ಮಿ ಒಂದು ವಾರ. ಮತ್ತೆ ಅದೇ ಮನೆಯಲ್ಲಿ ಒಲೆ ಹಚ್ಚುವ ಹೊತ್ತಿಗೆ ಮುಂದಿನ ಯುಗಾದಿ ಬಂದಿತ್ತು. ಆ ನಡುವಿನ ತಿಂಗಳುಗಳಲ್ಲಿ ಏನೇನಾಯ್ತು ಅಂತ ಬರೆದಿಡುತ್ತಿದ್ದೇನೆ.

ಊರಿನವರಿಗೆ ಚಂಡಮಾರುತ ಅಂದರೆ ಕಣ್ಣ ಮುಂದೆ ಬರುವುದು ಗಾಳಿ. ನಮಗೆ ಗಾಳಿಯಿಂದ ಏನೂ ಆಗಲಿಲ್ಲ. ಹಿತ್ತಲಿನ ಗುಲಾಬಿ ಗಿಡ ಕೂಡ ಮುರಿಯಲಿಲ್ಲ. ಆಗಸ್ಟ್ 25ರ ಶುಕ್ರವಾರ ರಾತ್ರಿ ಹಾರ್ವಿ ದಡ ಹತ್ತಿದ್ದು ಟೆಕ್ಸಸ್ ಕರಾವಳಿಯ ರಾಕ್‌ಪೋರ್ಟ್ ಹತ್ತಿರ, ನಮ್ಮಿಂದ ಸಾಕಷ್ಟು ದೂರ. ಆಗ ಅದು 4ನೇ ದರ್ಜೆಯ ಚಂಡಮಾರುತ. ಅಲ್ಲಿನ ಮನೆಗಳ ಮಾಡು ಹಾರಿಸಿ ಮುಂದೆ ಹೋಗಬೇಕಿತ್ತು, ಹೋಗಲಿಲ್ಲ. ಅದನ್ನು ದೂಡಿಕೊಂಡು ಹೋಗುವ ಮೇಲುಗಾಳಿ ಇರಲಿಲ್ಲ. ಟೆಕ್ಸಸ್ ಮೇಲೆಯೇ ಸುತ್ತಾಡುತ್ತಾ ಮಳೆ ಸುರಿಸಿತು. ನೆಡರ್ಲೆಂಡ್ ಅನ್ನುವ ಊರಲ್ಲಿ 60.58 ಇಂಚು ಮಳೆ ದಾಖಲಾಯಿತು, ಅಂದರೆ 1,500 ಮಿಲಿಮೀಟರ್ ಮೇಲೆ. ತೀರ್ಥಹಳ್ಳಿಯಲ್ಲಿರುವ ನಮ್ಮ ಮಾವನಿಗೆ ಈ ಲೆಕ್ಕ ಹೇಳಿದಾಗ, "ಆಗುಂಬೆ ಕಡೆ ತಿಂಗಳಿಗೆ ಬೀಳೋದು, ಅಲ್ಲಿ ನಾಲ್ಕೈದು ದಿನಕ್ಕೆ ಬಿತ್ತಾ?" ಅಂದರು. ಮಲೆನಾಡಿನವರಿಗೆ ಮಳೆ ಹೊಸದಲ್ಲ. ಆದರೆ ಅಲ್ಲಿ ಬಿದ್ದ ನೀರು ಇಳಿದು ಹೋಗಲು ಇಳಿಜಾರಿದೆ. ಹ್ಯೂಸ್ಟನ್ ಮಟ್ಟಸವಾದ ನೆಲ, ಜಿಗುಟು ಮಣ್ಣು. ನೀರಿಗೆ ಎತ್ತ ಹೋಗಬೇಕು ಅಂತಲೇ ಗೊತ್ತಾಗುವುದಿಲ್ಲ.

ನಮ್ಮ ಮನೆಗೆ ನೀರು ಬಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. 1929 ಮತ್ತು 1935ರಲ್ಲಿ ಹ್ಯೂಸ್ಟನ್ ನಗರ ಮುಳುಗಿದ ಮೇಲೆ 1940ರ ದಶಕದಲ್ಲಿ ಪಶ್ಚಿಮಕ್ಕೆ ಎರಡು ಮಣ್ಣಿನ ಅಣೆಕಟ್ಟು ಕಟ್ಟಿದರು. ಒಂದು ಆಡಿಕ್ಸ್, ಇನ್ನೊಂದು ಬಾರ್ಕರ್. ನಮ್ಮೂರಿನ ಡ್ಯಾಮಿನ ಹಾಗೆ ಇವುಗಳಲ್ಲಿ ನೀರು ನಿಂತಿರುವುದಿಲ್ಲ. ವರ್ಷವೆಲ್ಲ ಒಣಗಿರುತ್ತವೆ. ಒಳಗೆ ಪಾರ್ಕು, ಫುಟ್‌ಬಾಲ್ ಮೈದಾನ, ಸೈಕಲ್ ದಾರಿ. ನಾವು ಪ್ರತಿ ಭಾನುವಾರ ಮಗಳನ್ನು ಸೈಕಲ್ ಹೊಡೆಸಲು ಕರೆದುಕೊಂಡು ಹೋಗುತ್ತಿದ್ದ ಜಾರ್ಜ್ ಬುಷ್ ಪಾರ್ಕ್ ಇರುವುದೇ ಬಾರ್ಕರ್ ಜಲಾಶಯದ ಹೊಟ್ಟೆಯೊಳಗೆ! ದೊಡ್ಡ ಮಳೆ ಬಂದಾಗ ಮಾತ್ರ ಅಲ್ಲಿ ನೀರು ತಡೆದು, ನಗರ ಮುಳುಗದ ಹಾಗೆ ಮೆಲ್ಲಗೆ ಬಿಡುತ್ತಾರೆ.

ಅಣೆಕಟ್ಟು ಪೂರ್ತಿ ತುಂಬಿದರೆ ಎಲ್ಲಿವರೆಗೆ ನೀರು ಬರಬಹುದೋ ಅಷ್ಟೂ ಜಾಗವನ್ನು ಸರ್ಕಾರ ಕೊಂಡಿರಲಿಲ್ಲ. ಉಳಿದದ್ದು ಖಾಸಗಿಯವರದ್ದು. ಮೊದಲು ಅಲ್ಲಿ ಭತ್ತದ ಗದ್ದೆ, ಹುಲ್ಲುಗಾವಲು ಇದ್ದವು. ಹ್ಯೂಸ್ಟನ್ ಬೆಳೆದ ಹಾಗೆ ಅಲ್ಲೆಲ್ಲ ಬಡಾವಣೆ ಎದ್ದವು. ಒಳ್ಳೆ ಶಾಲೆ, ಅಗಲ ರಸ್ತೆ, ಇಂಡಿಯನ್ ಅಂಗಡಿ ಹತ್ತಿರ. ನಮ್ಮಂಥವರು ಸಾಲ ಮಾಡಿ ಮನೆ ಕೊಂಡೆವು. ನೂರು ವರ್ಷದ ಪ್ರವಾಹದ ನಕ್ಷೆಯಲ್ಲಿ, ಅಂದರೆ ಯಾವುದೇ ವರ್ಷ ನೆರೆ ಬರುವ ಸಾಧ್ಯತೆ ನೂರಕ್ಕೆ ಒಂದಾದರೂ ಇರುವ ಜಾಗಗಳ ನಕ್ಷೆಯಲ್ಲಿ, ನಮ್ಮ ಬೀದಿ ಇರಲಿಲ್ಲ. ಹಾಗಾಗಿ ಪ್ರವಾಹ ವಿಮೆ ಕಡ್ಡಾಯ ಅಲ್ಲ. ಕೆಲವು ಬಡಾವಣೆಗಳ ಮೂಲ ನಕ್ಷೆಯ ಮೂಲೆಯಲ್ಲಿ, ಈ ಜಾಗ ಬಾರ್ಕರ್ ಜಲಾಶಯದ ಪಕ್ಕದಲ್ಲಿದೆ, ಇಲ್ಲಿ ದೀರ್ಘಕಾಲ ನೀರು ನಿಲ್ಲಬಹುದು ಅಂತ ಸಣ್ಣಕ್ಷರದಲ್ಲಿ ಬರೆದಿತ್ತು. ಅದು ಪತ್ರಿಕೆಗಳಲ್ಲಿ ಬಂದದ್ದು ಎಲ್ಲ ಮುಳುಗಿದ ಮೇಲೆ. ಮಾವ ಇದನ್ನು ಕೇಳಿ ಹೇಳಿದ್ದು ಒಂದೇ ಮಾತು. "ಗದ್ದೆಯಲ್ಲಿ ಮನೆ ಕಟ್ಟಿದ್ರೆ ನೀರು ಬರದೆ ಇನ್ನೇನು ಬರತ್ತೆ?"

ಆ ಶುಕ್ರವಾರ ಗಣೇಶನ ಹಬ್ಬ. ಮಳೆ ಬರುತ್ತದೆ ಅಂತ ಆಫೀಸುಗಳಿಗೆ ಮೊದಲೇ ರಜೆ ಕೊಟ್ಟಿದ್ದರು. ಹಬ್ಬಕ್ಕೆ ಅನುಕೂಲವೇ ಆಯ್ತು ಅಂದುಕೊಂಡು ಕಡುಬು ಮಾಡಿ ತಿಂದೆವು. ಭಾನುವಾರ ಬೀದಿಯಲ್ಲಿ ನೀರು. ಸೋಮವಾರ ಹೊಸ್ತಿಲು ದಾಟಿತು. ಯಾರೋ ಪುಣ್ಯಾತ್ಮರು ಮೀನು ಹಿಡಿಯುವ ದೋಣಿ ತಂದಿದ್ದರು. ಅವರ ಹೆಸರು ಕೂಡ ಕೇಳಲಿಲ್ಲ. ಪಾಸ್‌ಪೋರ್ಟ್ ಚೀಲ, ಲ್ಯಾಪ್‌ಟಾಪ್, ಮಗಳು. ಇಷ್ಟೇ ಹಿಡಿದುಕೊಂಡು ಹೊರಟೆವು. ದೇವರ ಮನೆಯಲ್ಲಿ ಮಣ್ಣಿನ ಗಣೇಶ ಹಾಗೇ ಕೂತಿದ್ದ. ಆಮೇಲೆ ಬಂದು ನೋಡಿದಾಗ ಪೀಠದ ಮೇಲೆ ಕೆಸರು ಮಾತ್ರ ಇತ್ತು. "ಈ ಸಲ ಅವನೇ ವಿಸರ್ಜನೆ ಮಾಡ್ಕೊಂಡ" ಅಂತ ಇವರು, ನನ್ನ ಗಂಡ, ಅಂದರು. ಆ ವಾರದಲ್ಲಿ ನಾವು ನಕ್ಕಿದ್ದು ಅದೊಂದೇ ಸಲ ಇರಬೇಕು.

ನೀರು ಇಳಿಯುವವರೆಗೆ ಐ-10 ಹೆದ್ದಾರಿಯ ಉತ್ತರಕ್ಕಿದ್ದ ಸ್ನೇಹಿತರ ಮನೆಯಲ್ಲಿದ್ದೆವು. ಮೈಸೂರಿನವರು. ನನಗಿಂತ ದೊಡ್ಡವರಾದ್ದರಿಂದ ಅಕ್ಕ ಅಂತಲೇ ಕರೆಯುವುದು. ಅಲ್ಲಿ ಕೂತು ಟಿವಿ ನೋಡುವುದು, ಜಲಾಶಯದ ಮಟ್ಟ ಎಷ್ಟಾಯ್ತು ಅಂತ ಫೋನಲ್ಲಿ ನೋಡುವುದು, ಇಷ್ಟೇ ಕೆಲಸ. 28ರ ನಸುಕಿನಲ್ಲೇ ಎರಡೂ ಅಣೆಕಟ್ಟಿನ ಗೇಟು ತೆರೆಯಲು ಶುರು ಮಾಡಿದ್ದರು. ಅತ್ತ ಬಫಲೋ ಬೈಯೂ ಹೊಳೆ ಪಕ್ಕದ ಮನೆಗಳು ಮುಳುಗಿದವು, ಇತ್ತ ಹಿನ್ನೀರಿನಲ್ಲಿ ನಾವು. ಗೇಟು ಬಿಟ್ಟರೆ ಅವರು, ಬಿಡದಿದ್ದರೆ ನಾವು ಅನ್ನುವುದು ಸರಿಯಲ್ಲ. ಇಬ್ಬರೂ ಮುಳುಗಿದೆವು.

ಸೆಪ್ಟೆಂಬರ್ ಮೊದಲ ವಾರ ಒಳಗೆ ಹೋಗಲು ಬಿಟ್ಟರು. ಮೊದಲು ತಾಗಿದ್ದು ವಾಸನೆ. ಚರಂಡಿ, ಕೊಳೆತ ಹುಲ್ಲು, ಡೀಸೆಲ್ ಮೂರೂ ಸೇರಿದ ವಾಸನೆ. ನೀರು ಸೊಂಟದ ಕೆಳಗಿನವರೆಗೆ ನಿಂತಿತ್ತು. ಗೋಡೆ ಸುತ್ತ ಸ್ಕೇಲಿಟ್ಟು ಎಳೆದ ಹಾಗೆ ಕಂದು ಗೆರೆ. ಫ್ರಿಜ್ ತೇಲಿ ಬಂದು ಊಟದ ಮೇಜಿನ ಮೇಲೆ ಅಡ್ಡ ಬಿದ್ದಿತ್ತು. ಪುಸ್ತಕದ ಕಪಾಟಿನ ಕೆಳಗಿನ ಎರಡು ಸಾಲು ಕನ್ನಡ ಪುಸ್ತಕ. ನೆಂದು ಊದಿಕೊಂಡು ಎಷ್ಟು ಬಿಗಿಯಾಗಿದ್ದವೆಂದರೆ ಒಂದನ್ನೂ ಎಳೆದು ತೆಗೆಯಲಾಗಲಿಲ್ಲ. ಕಡೆಗೆ ಕಪಾಟನ್ನೇ ಸುತ್ತಿಗೆಯಿಂದ ಒಡೆದು ತೆಗೆಯಬೇಕಾಯ್ತು.

ಒಳಗೆ ಕಾಲಿಡುವ ಮೊದಲೇ ಅಕ್ಕನ ಗಂಡ ಫೋನ್ ಮಾಡಿ ಹೇಳಿದ್ದರು, "ಏನನ್ನೂ ಮುಟ್ಟಬೇಡಿ, ಮೊದಲು ಫೋಟೋ." ಅವರು ನ್ಯೂ ಆರ್ಲಿಯನ್ಸ್‌ನಲ್ಲಿ 2005ರ ಕತ್ರೀನಾ ಕಂಡವರು. ನಮಗೆ ಸಿಕ್ಕ ಸಲಹೆಗಳಲ್ಲಿ ಇದಕ್ಕಿಂತ ಬೆಲೆಯದ್ದು ಇನ್ನೊಂದಿಲ್ಲ. ಪ್ರತಿ ಕೋಣೆ, ಪ್ರತಿ ಗೋಡೆ, ಟೇಪು ಹಿಡಿದು ನೀರಿನ ಗೆರೆ. ಫ್ರಿಜ್, ವಾಷಿಂಗ್ ಮಷೀನ್, ಓವನ್ ಹಿಂದಿರುವ ಮಾಡೆಲ್ ನಂಬರ್ ಮತ್ತು ಸೀರಿಯಲ್ ನಂಬರ್. ಕಾರ್ಪೆಟ್ ಬಿಸಾಡುವ ಮೊದಲು ಒಂದು ಅಂಗೈ ಅಗಲ ತುಂಡು ಕತ್ತರಿಸಿ ಕವರಿನಲ್ಲಿ ಹಾಕಿಡುವುದು. ಅವರು ಹೇಳಿದ ಇನ್ನೊಂದು ಮಾತು, ಫ್ರಿಜ್ ಬಾಗಿಲು ಯಾವ ಕಾರಣಕ್ಕೂ ತೆರೆಯಬೇಡಿ ಅಂತ. ಸುತ್ತ ಟೇಪು ಸುತ್ತಿ ಹಾಗೇ ರಸ್ತೆಗೆ ದಬ್ಬಿದೆವು. ಬೀದಿ ಕೊನೆಯ ಮನೆಯವರು ತೆರೆದರು. ಆಮೇಲೆ ಅವರ ಮನೆ ಕಡೆ ಯಾರೂ ಹೋಗಲಿಲ್ಲ.

ಇಲ್ಲಿನ ಮನೆಗೆ ನೀರು ಬಂದರೆ ಏನಾಗುತ್ತದೆ ಅಂತ ಊರಿನವರಿಗೆ ವಿವರಿಸುವುದು ಕಷ್ಟ. ಹೊರಗೆ ಇಟ್ಟಿಗೆ ಕಾಣುತ್ತದೆ, ಅದು ಬರೀ ಹೊದಿಕೆ. ಮನೆ ನಿಂತಿರುವುದು ಮರದ ಪಟ್ಟಿಗಳ ಮೇಲೆ. ಒಳಗಿನ ಗೋಡೆ ಅಂದರೆ ಶೀಟ್‌ರಾಕ್, ಎರಡು ಕಾಗದದ ನಡುವೆ ಜಿಪ್ಸಮ್ ಪುಡಿ. ಹೊರಗೋಡೆಯಾದರೆ ಅದರ ಹಿಂದೆ ಗಾಜಿನ ನಾರಿನ ಹತ್ತಿ. ನೀರು ನಿಂತದ್ದು ಎರಡೂವರೆ ಅಡಿಯಾದರೂ ಗೋಡೆ ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ನಾಲ್ಕು ಅಡಿಗೆ ಗೆರೆ ಎಳೆದು ಕೊಯ್ಯಬೇಕು. ನಾಲ್ಕೇ ಅಡಿ ಯಾಕೆ ಅಂದರೆ ಶೀಟ್ ಬರುವುದು ನಾಲ್ಕಡಿ ಅಗಲದಲ್ಲಿ. ಹೊಸದನ್ನು ಕೂರಿಸುವಾಗ ಅಡ್ಡಡ್ಡ ಇಟ್ಟು ಮೊಳೆ ಹೊಡೆದರೆ ಸರಿಯಾಗಿ ಕೂರುತ್ತದೆ.

ಕೊಯ್ಯುವಾಗ ಇವರು ಮಾವನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದರು.

"ಏನಮ್ಮಾ ಅದು, ಗೋಡೆ ಕೊಯ್ತಾ ಇದೀರಾ?"

"ಹೂಂ ಮಾವ, ನೀರು ಕುಡಿದಿದೆ."

"ನೀರು ಕುಡಿದ್ರೇನು? ತೊಳೆದು ಸುಣ್ಣ ಹೊಡೆದ್ರೆ ಆಯ್ತಪ್ಪ."

ಇವರು ಮಾತಾಡದೆ ಗೋಡೆಯ ಒಂದು ತುಂಡು ಎತ್ತಿ ಕ್ಯಾಮೆರಾ ಮುಂದೆ ಹಿಡಿದು ಅದುಮಿದರು. ಕಾಫಿಯಲ್ಲಿ ಅದ್ದಿದ ರಸ್ಕಿನ ಹಾಗೆ ಕೈಯಲ್ಲೇ ಕಳಚಿ ಬಿತ್ತು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಇದಕ್ಕಾ ನೀವು ಮೂವತ್ತು ವರ್ಷದ ಸಾಲ ಮಾಡಿದ್ದು?"

ಆ ವಾರ ನಮ್ಮ ಮನೆಗೆ ಬಂದ ಜನಕ್ಕೆ ಲೆಕ್ಕವಿಲ್ಲ. ಹ್ಯೂಸ್ಟನ್ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಅಕ್ಕ ಒಂದು ಮೆಸೇಜ್ ಹಾಕಿದ್ದರು. ಮುಖವೇ ಗೊತ್ತಿಲ್ಲದವರು ಹಾರೆ, ಕೈಗವಸು, ಎನ್-95 ಮಾಸ್ಕು ತಂದು ಬಾಗಿಲಲ್ಲಿ ನಿಂತರು. ಹಳದಿ ಅಂಗಿ ತೊಟ್ಟ ಚರ್ಚಿನ ಹುಡುಗರು ಬಂದು ಮರದ ನೆಲಹಾಸು ಕಿತ್ತರು. "ಏನಾದರೂ ಬೇಕಾದರೆ ಹೇಳಿ" ಅಂದವರನ್ನು ಕರೆಯಲು ನಮಗೆ ಬಾಯಿ ಬರಲಿಲ್ಲ, ನಿಜ ಹೇಳಬೇಕೆಂದರೆ. ಏನು ಬೇಕು ಅಂತ ನಮಗೇ ಗೊತ್ತಿರಲಿಲ್ಲ. ಕೇಳದೆ ಬಂದು, "ಅಡುಗೆಮನೆ ನಾನು ನೋಡ್ಕೋತೀನಿ" ಅಂತ ಒಳಗೆ ನುಗ್ಗಿದವರೇ ನೆನಪಿನಲ್ಲಿದ್ದಾರೆ. ಮಂಡ್ಯ ಕಡೆಯ ಒಬ್ಬರು ಬಂದು ಸಂಜೆವರೆಗೆ ಸ್ಟೀಲ್ ಪಾತ್ರೆ ಮಾತ್ರ ತೊಳೆದರು. ಸೋಪಿನಲ್ಲಿ ಒಮ್ಮೆ, ಬ್ಲೀಚ್ ಬೆರೆಸಿದ ನೀರಿನಲ್ಲಿ ಒಮ್ಮೆ. ಊರಿಂದ ಹೊತ್ತು ತಂದಿದ್ದ ಸ್ಟೀಲ್ ಡಬರಿ, ಕುಕ್ಕರ್, ಇಡ್ಲಿ ಪಾತ್ರೆ ಎಲ್ಲ ಉಳಿದವು. ಮರದ ಸೌಟು, ಪ್ಲಾಸ್ಟಿಕ್ ಡಬ್ಬ, ನಾನ್‌ಸ್ಟಿಕ್ ತವಾ ಹೋದವು. ವೆಟ್ ಗ್ರೈಂಡರಿನ ಮೋಟಾರು ಸುಟ್ಟಿತ್ತು, ಕಲ್ಲಿಗೆ ಏನೂ ಆಗಿರಲಿಲ್ಲ. ಚರ್ಚಿನ ಹುಡುಗನೊಬ್ಬ ಅದನ್ನು ಎತ್ತಲು ಹೋಗಿ ತಬ್ಬಿಬ್ಬಾಗಿ ಇದರೊಳಗೆ ಏನಿದೆ ಅಂತ ಕೇಳಿದ.

ಕೊಯ್ದದ್ದೆಲ್ಲ ಮನೆ ಮುಂದಿನ ರಸ್ತೆ ಅಂಚಿಗೆ. ಅದರಲ್ಲೂ ಬೇರೆ ಬೇರೆ ಗುಡ್ಡೆ ಮಾಡಬೇಕು. ಗೋಡೆ-ನೆಲದ್ದು ಒಂದು, ಫ್ರಿಜ್‌ನಂಥದ್ದು ಒಂದು, ಟಿವಿ-ಕಂಪ್ಯೂಟರ್ ಒಂದು, ಪೇಂಟು-ಔಷಧಿ ಒಂದು. ಬೀದಿಯ ಎರಡೂ ಬದಿ ನಮ್ಮ ಎತ್ತರಕ್ಕೆ ರಾಶಿ. ಎಲ್ಲರ ಮನೆಯ ಹೊಟ್ಟೆಯೂ ಹೊರಗೆ. ಕೊಕ್ಕೆ ಕೈಯ ಲಾರಿ ಬರಲು ವಾರಗಟ್ಟಲೆ ಕಾದೆವು. ಅಷ್ಟರಲ್ಲಿ ಬಿಸಿಲಿಗೆ ರಾಶಿಯೇ ಬೇರೆ ವಾಸನೆ ಹಿಡಿಯಿತು. ಬೆಂಕಿ ಇರುವೆಗಳು ಬೇರೆ. ಇವು ನೆರೆ ನೀರಿನಲ್ಲಿ ಒಂದಕ್ಕೊಂದು ಕಚ್ಚಿಕೊಂಡು ಚಾಪೆಯ ಹಾಗೆ ತೇಲುತ್ತವೆ. ನೀರು ಇಳಿದ ಕಡೆ ನೆಲೆ ನಿಲ್ಲುತ್ತವೆ. ನಮ್ಮ ರಾಶಿಯಲ್ಲೂ ನೆಲೆ ನಿಂತಿದ್ದವು.

ಕಾಗದ ಪತ್ರದ ಕಪಾಟು ಕೆಳಗಿನ ಕೋಣೆಯಲ್ಲೇ ಇತ್ತು. ವೀಸಾ ಮಂಜೂರಾತಿಯ ಐ-797 ಪತ್ರಗಳು, ಗ್ರೀನ್ ಕಾರ್ಡ್ ಅರ್ಜಿಯ ಕಡತ, ಡಿಗ್ರಿ ಸರ್ಟಿಫಿಕೇಟ್. ಎಲ್ಲ ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗಿದ್ದವು. ಬಿಡಿಸಲು ಹೋದರೆ ಅಕ್ಷರವೂ ಬರುತ್ತದೆ. ಇಂಥದ್ದನ್ನು ಹಾಗೇ ಜಿಪ್ ಕವರಿನಲ್ಲಿ ಹಾಕಿ ಫ್ರೀಜರಿನಲ್ಲಿಟ್ಟರೆ ಬೂಸ್ಟು ಹಿಡಿಯುವುದು ನಿಲ್ಲುತ್ತದೆ, ಪುರುಸೊತ್ತಾದಾಗ ಒಂದೊಂದೇ ತೆಗೆದು ಒಣಗಿಸಬಹುದು. ಅಕ್ಕನ ಮನೆಯ ಫ್ರೀಜರಿನಲ್ಲಿ ತುರಿದ ತೆಂಗಿನಕಾಯಿ ಪ್ಯಾಕೆಟ್ಟುಗಳ ನಡುವೆ ನನ್ನ ಬಿ.ಇ. ಸರ್ಟಿಫಿಕೇಟ್ ಡಿಸೆಂಬರ್‌ವರೆಗೆ ಇತ್ತು.

ಗೋಡೆ ಕೊಯ್ದಾದ ಮೇಲೆ ಕೂಡಲೇ ಹೊಸದು ಹಾಕುವ ಹಾಗಿಲ್ಲ. ಒಳಗಿನ ಮರ ಒಣಗಬೇಕು. ಬಾಡಿಗೆಗೆ ತಂದ, ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್, ದೊಡ್ಡ ಫ್ಯಾನು ಹಗಲೂ ರಾತ್ರಿ ಓಡುತ್ತಿದ್ದವು. ಕಂಬಗಳಿಗೆ ಬೂಸ್ಟು ನಿರೋಧಕ ಹೊಡೆದು, ತೇವ ಅಳೆಯುವ ಮೀಟರು ಚುಚ್ಚಿ ನೋಡುವುದು. ಶೇ. 15ಕ್ಕಿಂತ ಕೆಳಗೆ ಬರುವವರೆಗೆ ಮುಚ್ಚಬಾರದು. ಅವಸರ ಮಾಡಿ ಮುಚ್ಚಿದವರ ಮನೆಯಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಹೊಸ ಗೋಡೆಯ ಮೇಲೆ ಕಪ್ಪು ಚುಕ್ಕೆ ಎದ್ದವು. ಮತ್ತೆ ಕೊಯ್ದರು.

ಇಲ್ಲಿವರೆಗಿನದ್ದು ಕೈಕೆಲಸ. ಮೈ ನೋಯುತ್ತದೆ, ರಾತ್ರಿ ನಿದ್ದೆ ಬರುತ್ತದೆ, ಸುತ್ತ ಜನ ಇರುತ್ತಾರೆ. ಆಮೇಲೆ ಕಾಗದದ ಕೆಲಸ ಶುರುವಾಗುತ್ತದೆ. ಅದಕ್ಕೆ ಹಾರೆ ಹಿಡಿದು ಯಾರೂ ಬರುವುದಿಲ್ಲ. ನನ್ನ ಮಟ್ಟಿಗೆ ನೆರೆ ಅಂದರೆ ಇದೇ ಎರಡನೇ ಭಾಗ.

ಮೊದಲಿನದ್ದು ಫೆಮಾ, ಅಂದರೆ ವಿಪತ್ತು ಪರಿಹಾರಕ್ಕಿರುವ ಕೇಂದ್ರ ಸರ್ಕಾರದ ಸಂಸ್ಥೆ. ಅದರ ನಗದು ಸಹಾಯ ಸಿಗುವುದು ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವವರಂಥ ಕೆಲವರಿಗೆ. ನಾವಿಬ್ಬರೂ ಎಚ್-1ಬಿ, ಅಂದರೆ ಕೆಲಸದ ವೀಸಾದವರು. ತೆರಿಗೆ ಕಟ್ಟುವಾಗ ಲೆಕ್ಕಕ್ಕಿದ್ದೇವೆ, ಇದಕ್ಕೆ ಇಲ್ಲ. ನಮ್ಮ ಬೀದಿಯ ಎಷ್ಟೋ ಭಾರತೀಯರು ಇಷ್ಟು ಕೇಳಿಯೇ ಅರ್ಜಿ ಹಾಕದೆ ಬಿಟ್ಟರು. ಆದರೆ ಒಂದು ದಾರಿ ಇದೆ. ಮನೆಯಲ್ಲಿ 18 ದಾಟದ, ಇಲ್ಲೇ ಹುಟ್ಟಿದ ಮಗು ಇದ್ದರೆ ಅದರ ಪರವಾಗಿ ಅಪ್ಪ-ಅಮ್ಮ ಅರ್ಜಿ ಹಾಕಬಹುದು. ಮಗುವಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಇರಬೇಕು, ಅಷ್ಟೇ. ನಮ್ಮ ಮಗಳು ಆಗ ಕಿಂಡರ್‌ಗಾರ್ಟನ್. ಮನೆಯಲ್ಲಿ ಸರ್ಕಾರದ ಲೆಕ್ಕಕ್ಕೆ ಬರುವ ಒಬ್ಬಳೇ ವ್ಯಕ್ತಿ ಅವಳು. "ಯಜಮಾನತಿ ಎದ್ದಿದ್ದಾಳಾ?" ಅಂತ ಇವರು ದಿನಾ ಬೆಳಿಗ್ಗೆ ಕೇಳುತ್ತಿದ್ದರು. ತುರ್ತು ಆಶ್ರಯ, ಊಟ, ಆಪ್ತ ಸಮಾಲೋಚನೆ ಇವಕ್ಕೆ ವೀಸಾ ಕೇಳುವುದಿಲ್ಲ ಅನ್ನುವುದೂ ತುಂಬಾ ಜನಕ್ಕೆ ಗೊತ್ತಿರಲಿಲ್ಲ.

ಇನ್‌ಸ್ಪೆಕ್ಟರ್ ಟ್ಯಾಬ್ಲೆಟ್ ಹಿಡಿದು ಬಂದರು. ತಲೆಬಾಗಿಲಿನಿಂದ ಹಿತ್ತಲವರೆಗೆ ಒಮ್ಮೆ ನಡೆದು, ಅಳತೆ ತೆಗೆದುಕೊಂಡು ಹೋದರು. ಆಗ ಒಂದು ಕುಟುಂಬಕ್ಕೆ ಗರಿಷ್ಠ ಸಹಾಯ 33,300 ಡಾಲರ್. ಎಲ್ಲರಿಗೂ ಅಷ್ಟು ಬರುವುದಿಲ್ಲ. ನಮಗೂ ಬರಲಿಲ್ಲ. ಗರಿಷ್ಠ ಅನ್ನುವ ಮಾತನ್ನೇ ಹಿಡಿದುಕೊಂಡು ಊರಲ್ಲಿ ಕೆಲವರು ನಮಗೆ ದುಡ್ಡು ಬಂತು ಅಂತ ಲೆಕ್ಕ ಹಾಕಿದ್ದರು, ಅದು ಬೇರೆ ಕಥೆ. ಮೊದಲ ಪತ್ರದಲ್ಲಿ ಸದ್ಯಕ್ಕೆ ಅರ್ಹರಲ್ಲ ಅಂತ ಇದ್ದರೆ ಎದೆ ಒಡೆದುಕೊಳ್ಳಬಾರದು. ಯಾವುದೋ ಒಂದು ದಾಖಲೆ ಸಾಲದು ಅಂತಲೂ ಅದೇ ಪತ್ರ ಬರುತ್ತದೆ. ಮನೆ ನಮ್ಮದು, ನಾವು ಅಲ್ಲೇ ವಾಸ ಇದ್ದೆವು ಅನ್ನುವುದಕ್ಕೆ ಕರೆಂಟ್ ಬಿಲ್, ವಿಮೆ ಇಲ್ಲ ಅನ್ನುವುದಕ್ಕೆ ವಿಮಾ ಕಂಪನಿಯ ಪತ್ರ. ಇವನ್ನು ಸೇರಿಸಿ ಮೇಲ್ಮನವಿ ಹಾಕಿದೆವು. ಅಷ್ಟರಲ್ಲಿ ಸೆಪ್ಟೆಂಬರ್ 10ಕ್ಕೆ ಫ್ಲಾರಿಡಾಕ್ಕೆ ಇರ್ಮಾ ಬಂತು, 20ಕ್ಕೆ ಪೋರ್ಟೊ ರಿಕೊಗೆ ಮರಿಯಾ. ಟಿವಿಯಲ್ಲಿ ನಮ್ಮ ಸುದ್ದಿ ನಿಂತೇಹೋಯಿತು. ಪೋರ್ಟೊ ರಿಕೊ ಕಂಡಾಗ ನಮ್ಮದೇನು ಮಹಾ ಅನ್ನಿಸುತ್ತಿತ್ತು. ಫೋನ್ ಲೈನಿನಲ್ಲಿ ಕಾಯುವಾಗ ಆ ದೊಡ್ಡ ಮನಸ್ಸು ಇರುತ್ತಿರಲಿಲ್ಲ.

ಮನೆ ವಿಮೆ ಇದೆಯಲ್ಲ ಅಂತ ಎಲ್ಲರೂ ಕೇಳುತ್ತಿದ್ದರು. ಇಲ್ಲಿನ ಮಾಮೂಲಿ ಮನೆ ವಿಮೆ ಮಾಡಿನಿಂದ ಸೋರಿದ ನೀರಿಗೆ ಕೊಡಬಹುದು, ನೆಲದ ಮೇಲಿಂದ ಬಂದ ನೀರಿಗೆ ಕೊಡುವುದಿಲ್ಲ. ಅದಕ್ಕೆ ಬೇರೆಯೇ ಪ್ರವಾಹ ವಿಮೆ ಬೇಕು. ಕೇಂದ್ರ ಸರ್ಕಾರದ ಯೋಜನೆಯಲ್ಲಿ ಮನೆಗೆ ಹೆಚ್ಚೆಂದರೆ 2,50,000 ಡಾಲರ್, ಸಾಮಾನಿಗೆ 1,00,000. ಪಕ್ಕದ ಮನೆಯ ಅಜ್ಜಿ ಅದನ್ನು ಮಾಡಿಸಿದ್ದರು. ಟೆಕ್ಸಸ್‌ನವರೇ, ಒಬ್ಬರೇ ಇರುವುದು. ಅವರಿಗೆ ಕಷ್ಟ ಇಲ್ಲ ಅಂದುಕೊಂಡಿದ್ದೆ. ಚೆಕ್ ಬಂತು, ಆದರೆ ಅದರ ಮೇಲೆ ಅಜ್ಜಿಯ ಹೆಸರಿನ ಜೊತೆ ಸಾಲ ಕೊಟ್ಟ ಬ್ಯಾಂಕಿನ ಹೆಸರೂ ಇತ್ತು. ಬ್ಯಾಂಕಿನವರು ಹಣ ತಮ್ಮಲ್ಲಿಟ್ಟುಕೊಂಡು, ಕೆಲಸ ಆದಷ್ಟು ಬಂದು ನೋಡಿ ಕಂತಿನಲ್ಲಿ ಬಿಡುತ್ತಾರೆ. ಹಣ ಬಿಡದೆ ಕೆಲಸ ಮುಂದೆ ಹೋಗುವುದಿಲ್ಲ, ಕೆಲಸ ಆಗದೆ ಹಣ ಬಿಡುವುದಿಲ್ಲ. ಅಜ್ಜಿ ಸಂಜೆ ಮಡಚುವ ಕುರ್ಚಿ ಹಾಕಿಕೊಂಡು ಬರೀ ಕಂಬ ಉಳಿದಿದ್ದ ಹಾಲಿನಲ್ಲಿ ಕೂತು ಆ ಫೋನ್ ಮಾಡುತ್ತಿದ್ದರು. ಗೋಡೆ ಇಲ್ಲದ್ದರಿಂದ ನಮ್ಮ ಮನೆವರೆಗೂ ಕೇಳುತ್ತಿತ್ತು. ಕೆಲವೊಮ್ಮೆ ನಾನೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಅವರು ಒಂದು ಲೈನಿನಲ್ಲಿ, ನಾನು ಇನ್ನೊಂದರಲ್ಲಿ. ಇಬ್ಬರ ಸ್ಪೀಕರಿನಲ್ಲೂ ಕಾಯುವವರಿಗೆ ಹಾಕುವ ಅದೇ ಸಂಗೀತ.

ನಮಗೆ ವಿಮೆ ಇಲ್ಲದ್ದರಿಂದ ಹಣ ಕೂಡಿಸಿದ್ದು ಚೂರು ಚೂರಾಗಿ. ಕಾರಿನ ವಿಮೆಯಲ್ಲಿ ಕಾಂಪ್ರಹೆನ್ಸಿವ್ ಇತ್ತು, ಹಾಗಾಗಿ ಗ್ಯಾರೇಜಿನಲ್ಲಿ ಮುಳುಗಿದ ಎರಡೂ ಕಾರಿಗೆ ಪೂರ್ತಿ ನಷ್ಟ ಅಂತ ಕೊಟ್ಟರು. ಎಲ್ಲಕ್ಕಿಂತ ಬೇಗ ಬಂದ ಹಣ ಅದೇ. ಆದರೆ ಕೊಳ್ಳಲು ಕಾರಿರಲಿಲ್ಲ, ಬಾಡಿಗೆಗೂ ಇರಲಿಲ್ಲ. ಊರಿಗೆ ಊರೇ ಕಾರು ಹುಡುಕುತ್ತಿತ್ತು. ಸಾಲದ ಕಂತನ್ನು ಮೂರು ತಿಂಗಳು ಮುಂದೂಡಿದರು. ಬಡ್ಡಿ ನಿಲ್ಲುವುದಿಲ್ಲ, ಮೂರು ತಿಂಗಳ ಮೇಲೆ ಅಷ್ಟೂ ಒಟ್ಟಿಗೆ ಕಟ್ಟಬೇಕೋ ಕೊನೆಗೆ ಸೇರಿಸುತ್ತಾರೋ ಅಂತ ಬರಹದಲ್ಲಿ ಕೇಳಿಕೊಳ್ಳಬೇಕು. ಬೀದಿಯ ಕೆಲವರು ಸಣ್ಣ ಉದ್ದಿಮೆಗಳ ಇಲಾಖೆಯಿಂದ ಕಡಿಮೆ ಬಡ್ಡಿಗೆ ವಿಪತ್ತು ಸಾಲ ತೆಗೆದುಕೊಂಡರು. ಹೆಸರಿನಲ್ಲಿ ಉದ್ದಿಮೆ ಇದ್ದರೂ ಮನೆಯವರಿಗೂ ಕೊಡುತ್ತಾರೆ, ಆಗ ಮನೆ ರಿಪೇರಿಗೆ 2,00,000 ಡಾಲರ್‌ವರೆಗೆ ಕೊಡುತ್ತಿದ್ದರು. ಸೆಪ್ಟೆಂಬರ್ 29ಕ್ಕೆ ಹೊಸ ಕಾನೂನು ಬಂತು. ಈ ಚಂಡಮಾರುತಗಳಲ್ಲಿ ನಷ್ಟವಾದವರು 401ಕೆ ನಿವೃತ್ತಿ ನಿಧಿಯಿಂದ ಶೇ. 10ರ ದಂಡ ಇಲ್ಲದೆ ಹಣ ತೆಗೆಯಬಹುದು, ತೆರಿಗೆಯನ್ನು ಮೂರು ವರ್ಷಕ್ಕೆ ಹಂಚಿಕೊಳ್ಳಬಹುದು ಅಂತ. ನಮ್ಮ ಮನೆಯ ನೆಲ, ಅಡುಗೆಮನೆ ಕಪಾಟು ಎದ್ದದ್ದು ಆ ಹಣದಲ್ಲಿ. ವಯಸ್ಸಾದ ಮೇಲೆ ತಿನ್ನಬೇಕಿದ್ದದ್ದನ್ನು ನೆಲಕ್ಕೆ ಹಾಸಿದ್ದೇವೆ ಅಂತ ಇವರು ಈಗಲೂ ಅನ್ನುತ್ತಿರುತ್ತಾರೆ.

ಕೆಲಸದವರು ಸಿಗುವುದು ಇನ್ನೊಂದು ಪಾಡು. ಟೆಕ್ಸಸ್‌ನಲ್ಲಿ ಮನೆ ರಿಪೇರಿ ಕಾಂಟ್ರಾಕ್ಟರಿಗೆ ರಾಜ್ಯದ ಲೈಸೆನ್ಸ್ ಬೇಕಿಲ್ಲ. ಪ್ಲಂಬರ್, ಎಲೆಕ್ಟ್ರಿಷಿಯನ್‌ಗೆ ಬೇಕು, ಗೋಡೆ ಕಟ್ಟುವವನಿಗೆ ಬೇಡ. ಬೇರೆ ರಾಜ್ಯದ ನಂಬರ್ ಪ್ಲೇಟಿನ ಟ್ರಕ್ಕುಗಳು ಬೀದಿಯಲ್ಲಿ ಸುತ್ತಾಡುತ್ತಿದ್ದವು. ಒಬ್ಬ ಅರ್ಧ ಹಣ ಮುಂಗಡ ಕೊಟ್ಟರೆ ಸೋಮವಾರವೇ ಶುರು ಅಂದ. ಇವರು ಬೇಡ ಅಂದರು. ಎದುರು ಮನೆಯವರು ಕೊಟ್ಟರು. ಅವರ ಸೋಮವಾರ ಬರಲೇ ಇಲ್ಲ. ಕಡೆಗೆ ನಮಗೆ ಸಿಕ್ಕವರು ಹೊಂಡುರಾಸ್ ಮೂಲದ ಅಣ್ಣತಮ್ಮಂದಿರು. ಆದ ಕೆಲಸಕ್ಕೆ ವಾರದ ಕೊನೆಗೆ ಹಣ, ಸಾಮಾನು ನಾವೇ ತರುವುದು ಅಂತ ಮಾತಾಯಿತು. ಶೀಟ್‌ರಾಕ್‌ಗೆ ಅಂಗಡಿ ತೆರೆಯುವ ಮೊದಲೇ ಹೋಗಿ ಸಾಲು ನಿಲ್ಲಬೇಕಿತ್ತು. ಅವರ ಇಂಗ್ಲಿಷ್ ಅಷ್ಟಕ್ಕಷ್ಟೇ, ನಮ್ಮ ಸ್ಪ್ಯಾನಿಷ್ ಸೊನ್ನೆ. ನನ್ನ ಚಿತ್ರಾನ್ನ ಮಾತ್ರ ಇಬ್ಬರಿಗೂ ಹಿಡಿಸಿತು.

ನವೆಂಬರ್ 1ರ ರಾತ್ರಿ ಹ್ಯೂಸ್ಟನ್ ಆಸ್ಟ್ರೋಸ್ ತಂಡ ಮೊದಲ ಸಲ ಬೇಸ್‌ಬಾಲ್ ವರ್ಲ್ಡ್ ಸೀರೀಸ್ ಗೆದ್ದಿತು. ಊರಿಗೆ ಊರೇ ಬೀದಿಗೆ ಬಂದು ಕುಣಿಯಿತು. ಬೇಸ್‌ಬಾಲಿನ ತಲೆಬುಡ ಗೊತ್ತಿಲ್ಲದ ನಾವೂ ಅಜ್ಜಿಯ ಜೊತೆ ನಿಂತು ಕೂಗಿದೆವು. ಅವತ್ತು ರಾಜ್ಯೋತ್ಸವ ಅಂತ ಅಜ್ಜಿಗೆ ಹೇಳಿದೆ. ಹಾಗಾದರೆ ನಿಮ್ಮವರೂ ಗೆದ್ದರು ಅಂದುಬಿಟ್ಟರು. ಇರಲಿ ಬಿಡಿ ಅಂದುಕೊಂಡೆ.

ಮಗಳ ವಿಷಯ ಜಾಸ್ತಿ ಬರೆಯುವುದಿಲ್ಲ. ಮಳೆ ಶುರುವಾದರೆ ಸಾಕು, ತನ್ನ ಆಟದ ಸಾಮಾನನ್ನೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ಇಡುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ಶಾಲೆಯ ಕೌನ್ಸೆಲರ್ ತಡೆಯಬೇಡಿ ಅಂದರು, ತಡೆಯಲಿಲ್ಲ. ಎರಡನೇ ಕ್ಲಾಸಿಗೆ ಹೋಗುವ ಹೊತ್ತಿಗೆ ತಾನೇ ಬಿಟ್ಟಳು. ನಾನು ಬಿಟ್ಟಿಲ್ಲ. ಜೋರು ಮಳೆ ಬಂದರೆ ಈಗಲೂ ಎದ್ದು ಬೀದಿಯ ಚರಂಡಿ ನೀರು ಎಳೆಯುತ್ತಿದೆಯಾ ಅಂತ ನೋಡಿ ಬರುತ್ತೇನೆ.

2018ರ ಯುಗಾದಿಗೆ ಮನೆಗೆ ಮರಳಿದೆವು. ಬಾಗಿಲಿಗೆ ಇನ್ನೂ ಬಣ್ಣ ಆಗಿರಲಿಲ್ಲ. ಮಾರಿ ಹೋಗೋಣ ಅಂತ ಯೋಚಿಸಿದ್ದುಂಟು. ಮುಳುಗಿದ ಮನೆಯನ್ನು ಆಗ ಯಾರೂ ಸರಿಯಾದ ಬೆಲೆಗೆ ಕೇಳುತ್ತಿರಲಿಲ್ಲ. ಅದೇ ಆಗಸ್ಟ್ 25ಕ್ಕೆ, ಸರಿಯಾಗಿ ಒಂದು ವರ್ಷಕ್ಕೆ, ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯವರು ಪ್ರವಾಹ ತಡೆಗೆ 250 ಕೋಟಿ ಡಾಲರ್ ಬಾಂಡಿಗೆ ಮತ ಹಾಕಿ ಒಪ್ಪಿದರು. 2019ರ ಡಿಸೆಂಬರ್‌ನಲ್ಲಿ ಫೆಡರಲ್ ನ್ಯಾಯಾಲಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮನೆಗಳಿಗೆ ಸರ್ಕಾರವೇ ಹೊಣೆ ಅಂತ ತೀರ್ಪು ಕೊಟ್ಟಿತು. ನಮ್ಮ ಬೀದಿಯ ಗುಂಪಿನಲ್ಲಿ ಅವತ್ತು ಪಟಾಕಿ ಚಿತ್ರಗಳು ತುಂಬಿದ್ದವು. ತೀರ್ಪಿಗೂ ದುಡ್ಡಿಗೂ ನಡುವೆ ಎಷ್ಟು ದೂರ ಅಂತ ಆಮೇಲೆ ತಿಳಿಯಿತು.

ಪ್ರವಾಹ ವಿಮೆ ಈಗ ನಮಗೂ ಇದೆ. ಹೊಸದಾಗಿ ಮಾಡಿಸಿದರೆ ಸಾಮಾನ್ಯವಾಗಿ 30 ದಿನ ಆದ ಮೇಲೆಯೇ ಜಾರಿಗೆ ಬರುವುದು. ಚಂಡಮಾರುತದ ಕಾಲ ಶುರುವಾಗುವುದು ಜೂನ್ 1ಕ್ಕೆ. ಹಾಗಾಗಿ ಏಪ್ರಿಲ್‌ನಲ್ಲೇ ಮಾಡಿಸಿಬಿಡಿ, ಟಿವಿಯಲ್ಲಿ ಚಂಡಮಾರುತದ ಹೆಸರು ಬಂದ ಮೇಲೆ ಓಡಿದರೆ ಉಪಯೋಗವಿಲ್ಲ ಅಂತ ಹೊಸದಾಗಿ ಬರುವವರಿಗೆಲ್ಲ ಹೇಳುತ್ತಿರುತ್ತೇನೆ. ಹೋದ ವರ್ಷ ಬೆಂಗಳೂರಿನಿಂದ ಬಂದ ಹುಡುಗನೊಬ್ಬ ನಮ್ಮ ಬೀದಿಯಲ್ಲೇ ಒಂದು ಮನೆ ನೋಡಿದ. "ಅಕ್ಕಾ, ಆ ಮನೆ ಹೇಗೆ?" ಅಂತ ಫೋನ್ ಮಾಡಿದ. ಮೂಲ ನಕ್ಷೆ ತರಿಸಿ ಸಣ್ಣಕ್ಷರ ಓದು, ಗೋಡೆ ಯಾವಾಗ ಕೊಯ್ದರು ಕೇಳು, ತೇವದ ಮೀಟರು ನನ್ನ ಹತ್ತಿರವೇ ಇದೆ, ಬಂದು ಒಯ್ಯಿ ಅಂತ ಒಂದೇ ಉಸಿರಿಗೆ ಹೇಳಿದೆ. ಅವನು ಎಲ್ಲ ಕೇಳಿ, "ಅದೆಲ್ಲ ಸರಿ ಅಕ್ಕಾ, ಅಡುಗೆಮನೆ ಗ್ರಾನೈಟ್ ಸೂಪರ್ ಆಗಿದೆ ಅಲ್ವಾ?" ಅಂದ. ಮೀಟರ್ ಮಾತ್ರ ಬಂದು ತೆಗೆದುಕೊಂಡು ಹೋದ. ಇನ್ನೂ ವಾಪಸ್ ಕೊಟ್ಟಿಲ್ಲ.